ಗೌನಿಪಲ್ಲಿಯ ಕಸಿ ಮಾವಿನ ಫೋಟೋ

ಬೆಳಿಗ್ಗೆ ಆರೂಕಾಲಿಗೆ ಮಾಲೂರು ಬಿಟ್ಟೆವು. ನಾವು ಎಂದರೆ ನಾನು, ನನ್ನ ಕಚೇರಿಯಲ್ಲೇ ಗುಮಾಸ್ತೆಯಾಗಿರುವ ಪುಷ್ಪ, ಮತ್ತು ನಾನು ಕೂಸಿನಂತೆ ಎದೆಗವಚಿಕೊಂಡಿದ್ದ ಹೊಸ ಕ್ಯಾಮೆರಾ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಾದ ನಮಗೆ ಸೊನ್ನೆ ಟಿಕೆಟ್ಟು. “ಚೀಲ ಮೇಲಿಡಮ್ಮ” ಎಂದು ಕಂಡಕ್ಟರ್ ಎರಡು ಸಲ ಹೇಳಿದ, ನಾನು ಕೇಳಿಸದವಳಂತೆ ಕೂತೆ. ಕೋಲಾರದಲ್ಲಿ ಇಳಿದು ಇಡ್ಲಿ ತಿಂದು ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಅಲ್ಲಿಂದ ಗೌನಿಪಲ್ಲಿಗೆ ಖಾಸಗಿ ಬಸ್ಸು. ಅದರಲ್ಲಿ ಸೊನ್ನೆ ನಡೆಯಲಿಲ್ಲ.

ದಾರಿಯುದ್ದಕ್ಕೂ ಮಾವಿನ ತೋಪು, ಕಾಯಿ ಇನ್ನೂ ನೆಲ್ಲಿಕಾಯಿ ಗಾತ್ರ. ಪುಷ್ಪನ ತವರುಮನೆಯ ಹಿತ್ತಲಲ್ಲೂ ಒಂದು ಮಾವಿನ ಮರವಿತ್ತು. ಹುಳು ಕೊರೆದು ಪೊಳ್ಳಾಗಿ ಮನೆಯ ಕಡೆಗೇ ವಾಲಿದ್ದರಿಂದ ಅದನ್ನು ಅಂದೇ ಕಡಿಸುವವರಿದ್ದರು. ಅದಕ್ಕೂ ಮುಂಚೆ ಮರದ ಫೋಟೋ ಬೇಕೆಂದು ಅವಳ ಅಮ್ಮ ವೆಂಕಟಮ್ಮ ಹಟ ಹಿಡಿದಿದ್ದರು. “ಮರದ ಮುಂದೆ ಅಮ್ಮನ್ನ ನಿಲ್ಲಿಸಿ ತೆಗಿಯೇ, ಅವಳದ್ದೂ ಒಂದು ನೆಟ್ಟಗಿರೋ ಫೋಟೋ ಇಲ್ಲ” ಎಂದು ಪುಷ್ಪ ನನ್ನನ್ನು ಹೊರಡಿಸಿದ್ದಳು. ಒಂದು ವರ್ಷದಿಂದ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಮುಖ ತೆಗೆಯುತ್ತಿರುವ ನನಗೆ ಇಷ್ಟು ಸಾಕಾಗಿತ್ತು.

ಒಂಬತ್ತೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ತಪ್ಪಾಯಿತೆಂದು ಕೇಳಿಕೊಂಡಾಗಿತ್ತು. ಮರ ಕೊಯ್ಯುವ ಮುನಿರಾಜು ಕೊಂಬೆಗಳಿಗೆ ಹಗ್ಗ ಬಿಗಿದು ಟೀ ಕುಡಿಯುತ್ತಿದ್ದ.

“ಬೇಗ ಮುಗಿಸ್ಕೊಳಮ್ಮ. ಗಾಳಿ ಎದ್ರೆ ಇದು ಮನೆ ಮೇಲೇ ಬೀಳ್ತದೆ. ಬುಡದ ಹತ್ರ ಮಾತ್ರ ಯಾರೂ ಹೋಗ್ಬ್ಯಾಡ್ರಿ” ಎಂದ.

ವೆಂಕಟಮ್ಮನನ್ನು ಮರದಿಂದ ನಾಲ್ಕು ಹೆಜ್ಜೆ ಈಚೆಗೆ ನಿಲ್ಲಿಸಿದೆ. ನಾನು ಕಲಿತ ಮೊದಲ ಪಾಠ, ಲೆನ್ಸಿನ ಕಣ್ಣು ಪೂರ್ತಿ ತೆರೆ, ಮುಖ ಮಾತ್ರ ಸ್ಫುಟವಾಗಿರಲಿ, ಹಿಂದಿನದೆಲ್ಲ ಮಂಜಾಗಲಿ. ಅಪರ್ಚರ್ ಒಂದು ಪಾಯಿಂಟ್ ಎಂಟಕ್ಕಿಟ್ಟು ನಲವತ್ತು ಫೋಟೋ ಹೊಡೆದೆ. ಆಹಾ, ಏನು ಚೆಂದ! ಹಣೆಯ ಒಂದೊಂದು ಗೆರೆಯೂ ಎಣಿಸುವ ಹಾಗಿತ್ತು. ಬೀಗುತ್ತಾ ತೋರಿಸಿದೆ.

ವೆಂಕಟಮ್ಮ ಕ್ಯಾಮೆರಾದ ತೆರೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. “ಚೆಟ್ಟು ಏದಮ್ಮಾ? ಮರ ಎಲ್ಲಿ ಹೋಯ್ತು? ಬರೀ ಪಾಚಿ ಕಟ್ಟಿದಂಗೈತಲ್ಲ!”

“ಅಮ್ಮಾ, ದೊಡ್ಡ ಸ್ಟುಡಿಯೋದವರೆಲ್ಲ ಹಿಂಗೇ ತೆಗೆಯೋದು” ಎಂದಳು ಪುಷ್ಪ.

“ತೆಕ್ಕೊಳ್ಲಿ. ನನಗೆ ಆ ಗಂಟು ಕಾಣಿಸ್ಬೇಕು.”

ಯಾವ ಗಂಟು? ಕುತೂಹಲ ತಡೆಯಲಾಗದೆ ಕೇಳಿದೆ. ತಲೆಯೆತ್ತರದಲ್ಲಿ ಕಾಂಡ ಉಬ್ಬಿದ್ದ ಕಡೆ ಬೆರಳು ತೋರಿದರು. ಉಬ್ಬಿನ ಕೆಳಗೆ ತೊಗಟೆ ಒರಟು, ಮೇಲೆ ನುಣುಪು.

“ಇದು ನಾಟಿ ಮರ, ಕಾಯಿ ಬಾಯಿಗಿಟ್ರೆ ಕಣ್ಣು ಮುಚ್ಕೊಂಬೇಕು, ಅಂಥಾ ಹುಳಿ. ನಮ್ಮ ಮದುವೆಯಾದ ವರ್ಷ ಆಯಪ್ಪ ಅಲ್ಲಿ ಕತ್ತರಿಸಿ, ಬಾದಾಮಿ ಮಾವಿನ ಕಸಿ ಕಡ್ಡಿ ಇಟ್ಟು, ಬಾಳೆನಾರಲ್ಲಿ ಕಟ್ಟಿದ. ದೀಪ ಹಿಡ್ಕೊಂಡು ನಿಂತಿದ್ದೋಳು ನಾನು. ಅದು ಆತನ ಕೈಕೆಲಸ.”

ಪುಷ್ಪನ ತಂದೆ ತೀರಿಹೋಗಿ ಆರು ವರ್ಷವಾಗಿತ್ತು. ಅವರ ಕೈಕೆಲಸವನ್ನೇ ನಾನು ನಲವತ್ತು ಸಲ ಪಾಚಿ ಮಾಡಿದ್ದೆ. ನಾಚಿಕೆಯಾಯಿತು.

ಲೆನ್ಸಿನ ಕಣ್ಣು ಕಿರಿದು ಮಾಡಿ ಅಪರ್ಚರ್ ಹನ್ನೊಂದಕ್ಕೆ ತಂದೆ. ನೆರಳಲ್ಲಿ ಚಿತ್ರ ಕಪ್ಪಾಯಿತು. ಬೆಳಕು ಹೆಚ್ಚು ಬರಲೆಂದು ಶಟರು ನಿಧಾನ ಮಾಡಿದೆ. ಗಂಟು ಬಂತು, ಆದರೆ ಮುಖ ಕಲಸಿಹೋಯಿತು. ವೆಂಕಟಮ್ಮನ ತಲೆ ಸದಾ ಸಣ್ಣಗೆ ಅದುರುತ್ತದೆ ಎಂಬುದನ್ನು ನಾನು ಆಗಲೇ ಗಮನಿಸಿದ್ದು. “ಅಲ್ಲಾಡ್ಬೇಡಮ್ಮ” ಎಂದು ಪುಷ್ಪ ಗದರಿದಷ್ಟೂ ಅದುರು ಹೆಚ್ಚಾಯಿತು. ಅಷ್ಟರಲ್ಲಿ ಎಲೆಗಳು ಸರಗುಟ್ಟಿದವು. “ಗಾಳಿ ಬಂತು, ಆಯ್ತಾ?” ಎಂದು ಮುನಿರಾಜು ಎದ್ದು ನಿಂತ.

ಇನ್ನು ಉಳಿದಿದ್ದು ಐಎಸ್ಓ ಏರಿಸುವುದು. ಅದನ್ನು ಏರಿಸಿದರೆ ಕತ್ತಲಲ್ಲೂ ಬೆಳಕು ಹುಟ್ಟುತ್ತದೆ, ಆದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಏಳುತ್ತದೆ. ನನಗೆ ಅದನ್ನು ಕಂಡರಾಗದು. ಹಲ್ಲು ಕಚ್ಚಿ ಮೂರು ಸಾವಿರದ ಇನ್ನೂರಕ್ಕೆ ಏರಿಸಿದೆ, ಶಟರು ಮತ್ತೆ ಚುರುಕು ಮಾಡಿ ಇನ್ನೂರಕ್ಕಿಟ್ಟೆ, ಮೂರು ಹೆಜ್ಜೆ ಹಿಂದೆ ಸರಿದು ಒತ್ತಿದೆ.

ವೆಂಕಟಮ್ಮ ತೆರೆಯಲ್ಲಿ ತಮ್ಮ ಮುಖವನ್ನು ನೋಡಲೇ ಇಲ್ಲ. ನಾನು ದೊಡ್ಡದು ಮಾಡಿ ತೋರಿಸಿದ ಗಂಟಿನ ಮೇಲೆ ಬೆರಳಿಟ್ಟರು. “ಕಾಣಿಸ್ತೈತೆ” ಎಂದರು. ಮುನಿರಾಜುವಿನ ಕಡೆ ತಿರುಗಿ, “ಇನ್ನು ಕೊಯ್ಯಪ್ಪಾ” ಎಂದು ಒಳಗೆ ಹೋದರು. ಮರ ಬೀಳುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮುದ್ದೆ, ಹುರುಳಿಕಾಳಿನ ಸಾರು ಬಡಿಸುವಾಗ ವೆಂಕಟಮ್ಮ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. “ಆ ಫೋಟೋನ ದೊಡ್ಡದು ಮಾಡಿ ಕಟ್ಟು ಹಾಕಿಸ್ಕೊಡಮ್ಮ. ನನ್ನನ್ನ ಮಾತ್ರ ಕತ್ತರಿಸಿ ತೆಗ್ದುಬಿಡು. ಬದುಕಿರೋಳಿಗ್ಯಾಕೆ ಹಾರ?”

“ಹಾರ?”

“ಆಯಪ್ಪ ಕ್ಯಾಮೆರಾ ಕಂಡ್ರೆ ಓಡ್ತಿದ್ದ. ತಿಥಿ ದಿನ ಹೂ ಹಾಕೋಕೆ ಗೋಡೆ ಮೇಲೆ ಏನೂ ಇಲ್ಲ.”

ಆ ಗಂಟೇ ಅವರ ಗಂಡನ ಫೋಟೋ. ಬೆಳಗಿನಿಂದ ನಾನು ಬೇರೆಯವರ ಮುಖವನ್ನು ತೆಗೆಯುತ್ತಿದ್ದೆ.

ಮರಳುವಾಗ ಶ್ರೀನಿವಾಸಪುರದ ಬಸ್ಸಿನಲ್ಲಿ ಚಿತ್ರವನ್ನು ಮೊಬೈಲಿಗೆ ಇಳಿಸಿಕೊಂಡು ಕತ್ತರಿಸಲು ಕೂತೆ. ಎಡಗಡೆಯಿಂದ ಕತ್ತರಿಸಿದರೆ ಗಂಟಿಗೆ ಏಟು, ಬಲಗಡೆಯಿಂದಲೂ ಅಷ್ಟೇ. ತಲೆ ಅದುರಿ ವಾಲಿದ ಗಳಿಗೆಯಲ್ಲೇ ನಾನು ಒತ್ತಿದ್ದರಿಂದ, ವೆಂಕಟಮ್ಮನ ಕಿವಿ ಗಂಟಿಗೆ ತಾಗಿದಂತಿತ್ತು. ಪುಷ್ಪ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಬಹಳ ಹೊತ್ತು ನೋಡಿದಳು.

“ಕತ್ತರಿಸ್ಬೇಡ ಕಣೇ” ಎಂದಳು. “ಅಪ್ಪ ಅಮ್ಮ ಜೊತೇಲಿರೋ ಫೋಟೋ ನಮ್ಮನೇಲಿ ಇದೊಂದೇ.”