ಶಾಂತಿರಾಜಣ್ಣನ ಎರಡನೇ ಫ್ಲಾಶು

ಶಾಂತಿರಾಜಣ್ಣನಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಊರು ಜಿನನಾಥಪುರ, ಸ್ಟುಡಿಯೋ ಚನ್ನರಾಯಪಟ್ಟಣದಲ್ಲಿ. ಟೂರಿಂಗ್ ಟಾಕೀಸಿನ ಆಪರೇಟರ್ ಆಗಿ ಡೇರೆಯ ಹಿಂದೆ ಕೊಣನೂರು, ಅರಕಲಗೂಡು ಎಂದು ಅಲೆದು, ಸಾಕಾಗಿ ಫೋಟೋ ಕೆಲಸಕ್ಕೆ ಇಳಿದವನು. ಮದುವೆಮನೆಯಲ್ಲಿ ಜನ ಎಷ್ಟೇ ಗೊಣಗಲಿ, ತನಗೆ ಸಮಾಧಾನವಾಗದೆ ಬಟನ್ ಒತ್ತುತ್ತಿರಲಿಲ್ಲ. ಗೊಣಗಿದವರೇ ಮುಂದಿನ ಮದುವೆಗೂ ಅವನನ್ನೇ ಕರೆಯುತ್ತಿದ್ದರು, ಆ ಮಾತು ಬೇರೆ.

ನಾನು ಅವನನ್ನು ಹುಡುಕಿಕೊಂಡು ಹೋದದ್ದು ೧೯೬೨ರಲ್ಲಿ, ನನ್ನ ಮದುವೆ ಗೊತ್ತಾದಾಗ. ನಮ್ಮದು ಹೊಳೆನರಸೀಪುರ. ಅಪ್ಪ ತೀರಿಕೊಂಡ ಮೇಲೆ ನಮ್ಮವ್ವ ಚಿಕ್ಕಲಕ್ಷ್ಮಮ್ಮ ಶುಭಕಾರ್ಯಗಳಲ್ಲಿ ಮುಂದೆ ಬರುತ್ತಿರಲಿಲ್ಲ. ಏನಿದ್ದರೂ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವುದು. ಅಕ್ಕ ಕೃಷ್ಣಮ್ಮನ ಮದುವೆಗೆ ಬೇರೊಬ್ಬ ಫೋಟೋದವನು ಬಂದಿದ್ದ. ಆ ಪಟದಲ್ಲಿ ಮುಂದಿನ ಸಾಲಿನವರ ಮುಖ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅವ್ವ ನಿಂತಿದ್ದ ಕಡೆ ಬರೀ ಕತ್ತಲೆ. ಕ್ಯಾಮೆರಾದ ಮೇಲಿನ ಫ್ಲಾಶು ಅಷ್ಟು ಹಿಂದಕ್ಕೆ ತಲುಪುತ್ತಿರಲಿಲ್ಲ. ಬಂದವರಿಗೆಲ್ಲ ಅವ್ವ ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಕಪ್ಪಗೈತಲ್ಲ, ಇದೇ ನಾನು" ಎಂದು ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಸ್ಟುಡಿಯೋಗೆ ಬಾ ಎಂದರೆ, ತಾಳಿಯಿಲ್ಲದ ಕೊರಳಿಗೆ ಪಟ ಯಾಕೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾನು ಮದುವೆಯಾಗಿ ಭದ್ರಾವತಿಗೆ ಹೋಗುವವಳು. ಅವ್ವನ ಮುಖ ನನ್ನ ಜೊತೆ ಬರಬೇಕಿತ್ತು, ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ, ನಿಮ್ಮವ್ವನನ್ನು ಮುಂದೆ ಕರೆದುಕೊಂಡು ಬಾ ಎನ್ನುತ್ತಿದ್ದರು. ಶಾಂತಿರಾಜಣ್ಣ ಹಾಗೆನ್ನಲಿಲ್ಲ. ಅವಳು ಎಲ್ಲಿ ನಿಲ್ಲುತ್ತಾಳೆ ಎಂದು ಮಾತ್ರ ಕೇಳಿದ.

ಅವನ ಬಳಿ ಒಂದು ವಿದ್ಯೆಯಿತ್ತು. ಮೊದಮೊದಲು ದೂರದಲ್ಲಿ ಇನ್ನೊಂದು ಫ್ಲಾಶು ಇಟ್ಟು, ಕ್ಯಾಮೆರಾದಿಂದ ಅದಕ್ಕೆ ವೈರು ಎಳೆಯುತ್ತಿದ್ದನಂತೆ. ಅರಕಲಗೂಡಿನ ಒಂದು ಮದುವೆಯಲ್ಲಿ ಬಡಿಸುವವನು ಆ ವೈರಿಗೆ ಕಾಲು ತೊಡರಿ, ಪಾಯಸವೆಲ್ಲ ಬೀಗರ ಪಂಕ್ತಿಯ ಮೇಲಾಯಿತು. ಅಂದಿನಿಂದ ವೈರಿಗೆ ಕೈಮುಗಿದ. ಸಿನಿಮಾ ಪ್ರೊಜೆಕ್ಟರಿನಲ್ಲಿ ಒಂದು ಗಾಜಿನ ಕಣ್ಣು ಇರುತ್ತದೆ. ರೀಲಿನ ಅಂಚಿನಿಂದ ಬರುವ ಬೆಳಕನ್ನು ಹಿಡಿದು ಮಾತು, ಹಾಡು ಕೇಳಿಸುವಂತೆ ಮಾಡುವುದು ಅದರ ಕೆಲಸ. ಕೆಟ್ಟುಹೋದ ಪ್ರೊಜೆಕ್ಟರಿನಿಂದ ಅದನ್ನು ಬಿಚ್ಚಿಕೊಂಡು, ಹಾಸನದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು, ಎರಡನೇ ಫ್ಲಾಶಿಗೆ ಜೋಡಿಸಿಬಿಟ್ಟ. ಕ್ಯಾಮೆರಾದ ಫ್ಲಾಶು ಮಿಂಚಿದ್ದೇ ತಡ, ಆ ಕಣ್ಣು ಅದನ್ನು ಕಂಡು ತನ್ನ ಬಲ್ಬನ್ನೂ ಹೊತ್ತಿಸುತ್ತಿತ್ತು. ನನಗೆ ಇವತ್ತಿಗೂ ಅದು ಬೆರಗೇ.

ಮದುವೆಯ ದಿನ ಬೆಳಿಗ್ಗೆ ನಡುಮನೆಯ ಕಂಬಕ್ಕೆ ಅದನ್ನು ಕಟ್ಟಿ, ಅಡುಗೆಮನೆ ಬಾಗಿಲ ಕಡೆ ತಿರುಗಿಸಿ, ಮೇಲೆ ಮಾವಿನ ಸೊಪ್ಪು ಇಳಿಬಿಟ್ಟ. ಒಂದು ಬಲ್ಬು ಒಂದೇ ಸಲ ಉರಿಯುವುದು. ಅಷ್ಟು ದೊಡ್ಡ ಬಲ್ಬು ಅವನಿಗೆ ಸಿಕ್ಕಿದ್ದೇ ಎರಡು.

ನನ್ನ ಗಂಡನ ಸೋದರಮಾವ ತಮ್ಮಯ್ಯನವರು ಹೊಸದಾಗಿ ಫ್ಲಾಶ್ ಕ್ಯಾಮೆರಾ ಕೊಂಡಿದ್ದರು. ಎಲ್ಲರೂ ಸಾಲಾಗಿ ನಿಂತ ಹೊತ್ತಿಗೆ ಸರಿಯಾಗಿ ಅವರೂ ಬಂದು ಒಂದು ಪಟ ಹೊಡೆದರು. ಕಂಬದ ಕಣ್ಣಿಗೆ ನಮ್ಮವರು, ಬೀಗರು ಎಂಬ ಭೇದವುಂಟೇ? ಅವರ ಫ್ಲಾಶಿಗೇ ಕಂಬದ ಬಲ್ಬು ಭಗ್ಗನೆ ಉರಿದುಹೋಯಿತು. ಮುಖಕ್ಕೆ ಬೆಳಕು ಹೊಡೆದ ಅವ್ವ ಬೆದರಿ, ಸೆರಗು ಮರೆಮಾಡಿಕೊಂಡು ಒಳಕ್ಕೆ ಸರಿದಳು. ನನಗೆ ಅಳುವೇ ಬಂತು. ಸುತ್ತಲಿದ್ದವರು, ತವರು ಬಿಡುವ ಸಂಕಟ, ಪಾಪ, ಎಂದರು.

ಶಾಂತಿರಾಜಣ್ಣ ಉಳಿದಿದ್ದ ಬಲ್ಬು ಹಾಕಿದ. ತಮ್ಮಯ್ಯನವರ ಬಳಿ ಹೋಗಿ, ಯಜಮಾನರೇ ಇಲ್ಲದ ಪಟ ಪಟವೇ ಅಲ್ಲ ಎಂದು ಉಬ್ಬಿಸಿ, ಅವರ ಕೈಯಿಂದ ಕ್ಯಾಮೆರಾ ತೆಗೆದಿಟ್ಟು, ಗಂಡಿನ ಪಕ್ಕದಲ್ಲಿ ನಿಲ್ಲಿಸಿದ. ಅವರು ಹಿಗ್ಗಿ ಹೀರೇಕಾಯಾಗಿ ನಿಂತರು. ಆಮೇಲೆ ಅಡುಗೆಮನೆ ಬಾಗಿಲಿಗೆ ಹೋದ.

"ಅವ್ವಾ, ನೀವು ಮುಂದಕ್ಕೆ ಬರೋದು ಬ್ಯಾಡ," ಎಂದ. "ಈ ಬಾಗ್ಲು ವಸ್ಲಲ್ಲೇ ನಿಂತ್ಕಳಿ. ಮಗಳು ನಾಳೆ ಓಯ್ತಾಳೆ. ನನ್ನ ನೋಡ್ಬ್ಯಾಡಿ, ಅವಳ್ನೇ ನೋಡ್ತಾ ಇರಿ."

ಅವ್ವ ಬಂದು ನಿಂತಳೋ ಇಲ್ಲವೋ, ತಿರುಗಿ ನೋಡುವಂತಿರಲಿಲ್ಲ. ಬೆನ್ನ ಹಿಂದೆ ಬೆಳಕು ಹರಿದದ್ದು ಮಾತ್ರ ಗೊತ್ತಾಯಿತು.

ವಾರದ ಮೇಲೆ ನಾನೂ ನನ್ನ ಗಂಡನೂ ಪಟ ತರಲು ಸ್ಟುಡಿಯೋಗೆ ಹೋದಾಗ ತಮ್ಮಯ್ಯನವರೂ ಜೊತೆಗಿದ್ದರು. ಪಟದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ; ನನ್ನ ಭುಜದ ಹಿಂದೆ, ಬಾಗಿಲಲ್ಲಿ, ಅವ್ವ ಒಬ್ಬಳೇ ನನ್ನನ್ನು ನೋಡುತ್ತಿದ್ದಾಳೆ. ಹಣೆಯ ಗೆರೆಯೂ ಕಾಣುವಷ್ಟು ಸ್ಪಷ್ಟ. ತಮ್ಮಯ್ಯನವರ ಮುಖ ಗಂಟಿಕ್ಕಿತು. ಮದುವೆ ಪಟದಲ್ಲಿ ಬೋಳುಹಣೆ ಹೀಗೆ ಎದ್ದು ಕಂಡರೆ ಹೇಗೆ, ಆ ಜಾಗಕ್ಕೆ ಕಪ್ಪು ಬಳಿದು ಇನ್ನೊಂದು ಪ್ರಿಂಟು ಕೊಡು, ಇಲ್ಲವಾದರೆ ನಮ್ಮ ಕಡೆಯ ಒಂದು ಮದುವೆಗೂ ನಿನ್ನನ್ನು ಕರೆಯುವುದಿಲ್ಲ ಎಂದರು. ನನ್ನ ಗಂಡ ನೆಲ ನೋಡುತ್ತಿದ್ದರು. ಹೊಸ ಸೊಸೆ ನಾನು, ಬಾಯಿ ಬಿಡುವಂತಿರಲಿಲ್ಲ.

"ಅಳ್ಸಾಕೆ ಬತ್ತದೆ ಸಾ," ಎಂದ ಶಾಂತಿರಾಜಣ್ಣ. "ನಾನು ಅಳ್ಸಾಕಿಲ್ಲ."

ಪಟವನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟ. ತಮ್ಮಯ್ಯನವರು ಆಡಿದಂತೆಯೇ ಮಾಡಿದರು, ಅವರ ಕಡೆಯವರು ಮತ್ತೆ ಅವನನ್ನು ಕರೆಯಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವನು ಮಾತ್ರ ಒಂದು ದಿನವೂ ಆ ವಿಷಯ ಎತ್ತಿದವನಲ್ಲ.

ಮುಂದಿನ ವರ್ಷವೇ ಅವ್ವ ತೀರಿಕೊಂಡಳು. ಅವಳ ಮುಖವಿರುವ ಪಟ ಅದೊಂದೇ.