ಕೊಡೆಯಣ್ಣನ ಪಕ್ಕದ ಜಾಗ

ಹೊಟ್ಟೆಕಿಚ್ಚು ಎಂದರೇನೆಂದು ನರ್ಸಮ್ಮನಿಗೆ ಸರಿಯಾಗಿ ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಅದೂ ಒಬ್ಬ ಡ್ರೈವರ್‌ನ ದೆಸೆಯಿಂದ.

ಮನಸ್ಸಿನ ಕಾಯಿಲೆಯಿಂದ ಬೀದಿಗೆ ಬಿದ್ದವರನ್ನು ಇದ್ದಲ್ಲಿಗೇ ಹೋಗಿ ನೋಡುವುದು ಅವಳ ಕೆಲಸ. ಮೇಲ್ಸೇತುವೆಯ ಕೆಳಗೆ, ಬಿಸಿಲಿರಲಿ ಬಿಡಲಿ, ಕೊಡೆ ಬಿಚ್ಚಿಕೊಂಡೇ ಕೂರುವ ಕೊಡೆಯಣ್ಣನ ಬಳಿ ಹದಿನಾಲ್ಕು ತಿಂಗಳು ಕೂತಿದ್ದಳು. ಮೊದಲು ಹತ್ತು ಮಾರು ದೂರ, ಆಮೇಲೆ ಐದು, ಕೊನೆಗೆ ಒಂದು. ಬಾಟಲಿಯ ನೀರನ್ನು ಅವಳು ಮೊದಲು ಕುಡಿದು ತೋರಿಸಿದರಷ್ಟೇ ಅವನು ಮಾತ್ರೆ ನುಂಗುತ್ತಿದ್ದ. ಮಾತು ಮಾತ್ರ ಒಂದೂ ಇಲ್ಲ. “ನನ್ನ ಜೊತೆ ಹದಿನಾಲ್ಕು ನಿಮಿಷ ಸುಮ್ನೆ ಕೂತಿದ್ದೀಯಾ?” ಎಂದು ಗಂಡ ಕಿಚಾಯಿಸುತ್ತಿದ್ದ.

ಹೊಸ ಡ್ರೈವರ್ ಬಂದ ನಾಲ್ಕನೇ ದಿನ ವ್ಯಾನು ಕೆಟ್ಟು ನಿಂತಿತು. ಅವನು ಬಾನೆಟ್ ಎತ್ತಿ ಗೊಣಗುತ್ತಿದ್ದಾಗ ಕೊಡೆಯಣ್ಣ ಎದ್ದು ಬಂದು, “ಬ್ಯಾಟರಿ ವೈರು ಸಡಿಲ ಆಗಿದೆ,” ಎಂದ. ಅಲ್ಲಿಂದ ಇಬ್ಬರಿಗೂ ಮಾತೋ ಮಾತು. ಕಾಲಿನ ಹುಣ್ಣು ತೋರಿಸಲು ಆಸ್ಪತ್ರೆಗೆ ಬರುತ್ತೇನೆಂದು ಕೊಡೆಯಣ್ಣ ವಾರದೊಳಗೆ ಡ್ರೈವರ್ ಬಳಿ ಒಪ್ಪಿಕೊಂಡೂಬಿಟ್ಟ. ತಡವಾದರೆ ಕಾಲೇ ಹೋಗುವಂತಿತ್ತು. ನರ್ಸಮ್ಮ ಕುಣಿದಾಡಬೇಕಿತ್ತು, ಆದರೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ನಾಲ್ಕು ದಿನದ ಡ್ರೈವರ್, ಅದೂ ಒಂದು ವೈರಿನಿಂದ.

ಮರುದಿನ ಅವಳು ವ್ಯಾನನ್ನು ದೂರದ ತಿರುವಿನಲ್ಲೇ ನಿಲ್ಲಿಸಿ ಒಬ್ಬಳೇ ನಡೆದು ಬಂದಳು. “ಆ ಡ್ರೈವರ್‌ನ ಬೇರೆ ಕಡೆ ಹಾಕಿದ್ದಾರಣ್ಣಾ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದಳು.

ಕೊಡೆಯಣ್ಣ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದ. ಮಾತ್ರೆಯನ್ನೂ ಮುಟ್ಟಲಿಲ್ಲ. ಅದರ ಮಾರನೆಯ ದಿನವೂ ಅಷ್ಟೇ.

ಮೂರನೆಯ ದಿನ ಹುಣ್ಣಿನ ವಾಸನೆ ಅವಳು ಕೂತಲ್ಲಿಗೇ ಬಂತು. ನರ್ಸಮ್ಮ ಕೊಡೆಯ ಬಟ್ಟೆ ನೋಡುತ್ತ ಹೇಳಿದಳು: “ನಾನು ಸುಳ್ಳು ಹೇಳಿದೆ ಅಣ್ಣಾ. ಅವನು ಅಲ್ಲೇ ತಿರುವಲ್ಲಿದ್ದಾನೆ. ನೀವು ಅವನ ಹತ್ರ ಮಾತಾಡಿದ್ದು ನನ್ ಕೈಲಿ ತಡ್ಕೊಳೋಕೆ ಆಗ್ಲಿಲ್ಲ.”

ಕೊಡೆ ಸರಿಯಿತು. “ಆ ಇಂಜಿನ್ ಸದ್ದು ನನಗೆ ಗೊತ್ತಾಗಲ್ವಾ? ನೀವಾಗೇ ಹೇಳ್ಲಿ ಅಂತ ಕೂತಿದ್ದೆ,” ಎಂದ.

ವ್ಯಾನು ಬಂತು. ಅವನು ಹತ್ತಿದ್ದು ಮುಂದೆ, ಡ್ರೈವರ್ ಪಕ್ಕಕ್ಕೇ. ನರ್ಸಮ್ಮ ಹಿಂದಿನ ಸೀಟಿಗೆ ಹತ್ತಿ ಬಾಗಿಲನ್ನು ಧಡಾರನೆ ಎಳೆದುಕೊಂಡಳು. ಒಳಗೆ ಕೊಡೆ ಬಿಚ್ಚಲು ಜಾಗವಿರಲಿಲ್ಲ. ಅವನು ಅದನ್ನು ಮಡಚಿದ. ಡ್ರೈವರ್ ಕೈ ಚಾಚಿದ. ಕೊಡೆಯಣ್ಣ ಹಿಂದಕ್ಕೆ ತಿರುಗಿ ಅದನ್ನು ನರ್ಸಮ್ಮನ ಮಡಿಲಿಗಿಟ್ಟು, “ಜೋಪಾನ,” ಎಂದ.

ಕನ್ನಡಿಯಲ್ಲಿ ಡ್ರೈವರ್‌ನ ಮುಖ ಸಪ್ಪಗಾದದ್ದು ಕಂಡಿತು. ಆಸ್ಪತ್ರೆ ಬರುವವರೆಗೂ ಅವಳು ಆ ಮುಖವನ್ನೇ ನೋಡುತ್ತ ಕೂತಳು.