ಒಂದು ಕೈಯ ಜಾವಾ

ಕೈ ಕಳೆದುಕೊಂಡವನ ಕಥೆ ಎಂದ ಕೂಡಲೇ ಜನ ‘ಅಯ್ಯೋ ಪಾಪ’ ಎಂದು ಲೊಚಗುಟ್ಟುತ್ತಾರೆ. ದಿಗ್ಗೇವಾಡಿಯ ಧರೆಪ್ಪನ ಎದುರಿಗೆ ಹಾಗೆ ಅಂದು ನೋಡಿ, ಗೊತ್ತಾಗುತ್ತದೆ. ಒಮ್ಮೆ ನನ್ನ ಗ್ಯಾರೇಜಿನಲ್ಲೇ ಒಬ್ಬ ಮಾಸ್ತರರು ಅಂದರು. “ಪಾಪ ಅನ್ನಾಕ ನಾ ಏನ್ ನಿಮ್ಮ ಮನಿ ಬೆಕ್ಕೇನ್ರಿ?” ಎಂದು ಧರೆಪ್ಪ ಕೇಳಿದ. ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ನಾನು ಕಾಸಿಮಸಾಬ. ರಾಯಬಾಗದಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುತ್ತೇನೆ. ಬಾಯಿ ಕೆಟ್ಟದ್ದು, ಕೈ ಚಲೋ ಎಂದು ಊರವರು ಹೇಳುತ್ತಾರೆ. ಎರಡನೆಯದು ನಿಜ.

ಧರೆಪ್ಪ ವಿರುಪಾಕ್ಷಪ್ಪ ಸಾವಕಾರರ ಗಾಣದಲ್ಲಿ ಕಬ್ಬು ಹಾಕುವ ಆಳಾಗಿದ್ದ. ಸಾವಕಾರರಿಗೆ ಹೊಳೆದಂಡೆಯ ಉದ್ದಕ್ಕೂ ಕಬ್ಬು, ಅದರ ನಡುವೆ ಸ್ವಂತ ಗಾಣ, ಬೆಲ್ಲದ ಕೊಪ್ಪರಿಗೆ. ಎಂಬತ್ತನಾಲ್ಕರ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಕಬ್ಬಿನ ಜೊತೆಗೆ ಧರೆಪ್ಪನ ಅಂಗಿಯ ತೋಳು ಗಾಣದ ಉರುಳೆಗೆ ಸಿಕ್ಕಿತು. ಎಡಗೈ ಮೊಣಕೈಯ ಕೆಳಗೆ ಹೋಯಿತು. ಮಿರಜದ ದವಾಖಾನೆಯಿಂದ ಬಂದಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಸಾವಕಾರರು ಕೆಟ್ಟವರೇನಲ್ಲ ಎಂದು ಊರೆಲ್ಲ ಹೇಳಿತು. “ಸಾಯೂ ತನಕಾ ನನ್ನ ಗಾಣದಾಗ ಕುಂತ ಉಣ್ಣು” ಅಂದರು. ಗಾಣದ ಬಾಗಿಲಿಗೆ ಒಂದು ಹೊರಸು ಹಾಕಿಸಿದರು. ಅದರ ಮೇಲೆ ಕೂರುವುದೇ ಅವನ ಕೆಲಸ. ನಿಪ್ಪಾಣಿಯಿಂದಲೋ ಸಾಂಗಲಿಯಿಂದಲೋ ಬೆಲ್ಲದ ವ್ಯಾಪಾರಿಗಳು ಬಂದರೆ ಸಾವಕಾರರು ಅವನನ್ನು ಕರೆಯುವರು. “ಧರೆಪ್ಪಾ, ಬಾ ಇಲ್ಲೆ. ಕೈ ತೋರಸು.” ಇವನು ತೋಳು ಮಡಚಿ ಮೊಂಡುಗೈ ತೋರಿಸಬೇಕು. “ಹಾ ಆಮ್ಚಾಚ್ ಮಾಣೂಸ್,” ನಮ್ಮ ಮನುಷ್ಯನೇ, ನಾನೇ ಸಾಕಿದ್ದೇನೆ ಎಂದು ಸಾವಕಾರರು ಮರಾಠಿಯಲ್ಲಿ ಹೇಳುವರು. ವ್ಯಾಪಾರಿಗಳು ತಲೆದೂಗುವರು. ಸಾಕುವುದಂತೆ! ಎಮ್ಮೆ ಸಾಕುತ್ತಾರೆ, ನಾಯಿ ಸಾಕುತ್ತಾರೆ. ಹೆಂಡತಿ ಮಕ್ಕಳಿರುವ ಗಂಡಸನ್ನು ಸಾಕುತ್ತಾರೆಯೇ? ಎದುರಿಗೆ ಹೇಳಲು ಆಗ ನನಗೂ ಧೈರ್ಯ ಇರಲಿಲ್ಲ ಅನ್ನಿ. ಸಾವಕಾರರ ಟ್ರ್ಯಾಕ್ಟರಿನ ಕೆಲಸ ನನ್ನ ತಮ್ಮನ ಹತ್ತಿರ ಬರುತ್ತಿತ್ತು.

ಹೀಗೆ ಮೂರು ವರ್ಷ. ಧರೆಪ್ಪನ ಹೆಂಡತಿ ರುಕ್ಮವ್ವ ಅದೇ ಸಾವಕಾರರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಮನೆಗೆ ಬಂದರೆ ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದನಂತೆ, ಮಾತಿಲ್ಲ ಕಥೆಯಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ: ಆ ಹೊರಸಿನಿಂದ ಇಳಿಯಬೇಕು. ಇಳಿದು ಏನು ಮಾಡಬೇಕೆಂಬುದನ್ನೂ ಅವನು ಲೆಕ್ಕ ಹಾಕಿಟ್ಟಿದ್ದ. ಹೊಳೆದಂಡೆಯ ಪಂಪುಗಳಿಗೆ ಒಂದು ವಾಷರ್ ಬೇಕೆಂದರೂ ರೈತ ಕೆಲಸ ಬಿಟ್ಟು ರಾಯಬಾಗಕ್ಕೆ ಬರಬೇಕಿತ್ತು. ವಾಷರು, ಬೆಲ್ಟು, ಎಣ್ಣೆ ಎಲ್ಲ ಹೇರಿಕೊಂಡು ಹೊಲ ಹೊಲಕ್ಕೆ ಹೋಗಿ ಮಾರಿದರೆ ಯಾರ ಹಂಗೂ ಇಲ್ಲದೆ ಬದುಕಬಹುದು. ಆದರೆ ಅಷ್ಟು ಭಾರ ಹೇರಿಕೊಂಡು ಆ ಕಪ್ಪು ಮಣ್ಣಿನ ದಾರಿಯಲ್ಲಿ ಒಂದೇ ಕೈಯಲ್ಲಿ ಸೈಕಲ್ ತುಳಿಯಲಾಗದು. ಮೋಟಾರ್ ಗಾಡಿ ಬೇಕು.

ಗಾಡಿ ಗಾಣದ ಹಿಂದೆಯೇ ಬಿದ್ದಿತ್ತು. ಸಾವಕಾರರು ಪ್ರಾಯದಲ್ಲಿ ಓಡಿಸುತ್ತಿದ್ದ ಹಳೆಯ ಜಾವಾ. ಜೀಪು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಎಂಬತ್ತೇಳರ ಖಂಡೇ ಪೂಜೆಯ ದಿನ ಗಾಣ, ಕೊಪ್ಪರಿಗೆ, ಕುಡುಗೋಲು, ಎಲ್ಲಕ್ಕೂ ಕುಂಕುಮ ಬಿತ್ತು, ಆ ಜಾವಾಕ್ಕೆ ಬೀಳಲಿಲ್ಲ. ವ್ಯಾಪಾರಿಗಳೆಲ್ಲ ಕೂತಿದ್ದಾಗ ಧರೆಪ್ಪ ಎದ್ದು ನಿಂತು, “ಸಾವ್ಕಾರ್ರ, ಆ ಗಾಡಿ ನನಗ ಕೊಡ್ರಿ” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಕಾರರೂ ನಕ್ಕು, “ಒಯ್ಯೋ ತಮ್ಮಾ, ಗುಜರಿ ಮೋಡಕಾದಾಂವ ಸೈತ ಒಯ್ಯವಲ್ಲ ಅದನ್ನ. ಇವತ್ತಿನಿಂದ ಅದು ನಿಂದು” ಎಂದು ಎಲ್ಲರೆದುರು ದಾನ ಮಾಡಿಬಿಟ್ಟರು.

ಮರುದಿನ ಅವನು ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ನನ್ನ ಗ್ಯಾರೇಜಿಗೆ ಬಂದ. ಪೆಟ್ರೋಲ್ ಟಾಕಿಯೊಳಗೆ ಕಣಜದ ಗೂಡು, ಸೀಟಿನ ಮೇಲೆ ಕೋಳಿ ಕೂತು ಮೊಟ್ಟೆಯಿಟ್ಟ ಹುಲ್ಲು, ಗಾಲಿಯ ಕಡ್ಡಿಗಳಿಗೆ ಕಾಕಂಬಿ ಮೆತ್ತಿ ಇರುವೆ ಸಾಲು.

“ಏನೋ ಇದು?”

“ಜಾವಾ ಐತ್ರಿ ಮಿಸ್ತ್ರಿ.”

“ಒಂದ ಕಾಲಕ್ಕ ಆಗಿತ್ತು. ಈಗ ಕೋಳಿಗೂಡು.”

“ಹೊಸಾದು ಮಾಡಿ ಕೊಡ್ರಿ.”

“ಯಾರಿಗೆ?”

“ನನಗ. ನಾನ ಹೊಡ್ಯಾಂವ.”

ನಾನು ಅವನ ಮೊಂಡುಗೈ ನೋಡಿದೆ. ನನ್ನ ಬಾಯಿಗೆ ಬೀಗ ಇಲ್ಲ. “ಕ್ಲಚ್ ಏನ್ ನಿಮ್ಮಪ್ಪ ಬಂದ ಹಿಡಿತಾನೇನ್ಲೇ?” ಅಂದೆ.

ಅವನಿಗೆ ಸಿಟ್ಟು ಬರಲಿಲ್ಲ. “ಇದಕ್ಕ ಕ್ಲಚ್ ಹಿಡಿಯೂದ ಬ್ಯಾಡ್ರಿ. ಸಾವ್ಕಾರ್ರು ಮಳಿಯಾಗ ಎಡಗೈಲೆ ಕೊಡಿ ಹಿಡಕೊಂಡ ಗೇರ್ ಹಾಕತಿದ್ರು. ನಾ ಸಣ್ಣಾಂವ ಇದ್ದಾಗ ಕಣ್ಣಾರೆ ನೋಡೇನಿ.”

ಹೌದು, ನನಗದು ಮರೆತೇ ಹೋಗಿತ್ತು. ಹಳೆಯ ಜಾವಾದಲ್ಲಿ ಎಡಗಾಲಿನ ಗೇರನ್ನು ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ, ಕಾಲನ್ನು ನಿಧಾನವಾಗಿ ಎತ್ತಿದರೆ ತಾನೇ ಹಿಡಿಯುತ್ತದೆ. ಒಳಗೆ ಅದಕ್ಕೆಂದೇ ಒಂದು ಸಣ್ಣ ತುಂಡು ಇರುತ್ತದೆ. ನಮ್ಮ ಕಡೆಯ ಮಿಸ್ತ್ರಿಗಳು ಅದನ್ನು ಬೇಡದ ಉಪದ್ರವ ಎಂದು ಕಿತ್ತು ಬಿಸಾಡುತ್ತಿದ್ದೆವು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಓಡುವ ಯಾವ ಜಾವಾದಲ್ಲೂ ಅದು ಉಳಿದಿರಲಿಲ್ಲ. ಕೂಡಲೇ ಇಂಜಿನ್ನಿನ ಮುಚ್ಚಳ ಬಿಚ್ಚಿದೆ. ಇತ್ತು! ಗ್ರೀಸಿನಲ್ಲಿ ಹೂತುಕೊಂಡು ಹೊಸದರಂತೆ ಕೂತಿತ್ತು. ಮಿಸ್ತ್ರಿಗಳ ಕೈಗೆ ಸಿಗದೆ ಹಾಳು ಬಿದ್ದದ್ದಕ್ಕೇ ಉಳಿದಿತ್ತು. “ನಿನ್ನ ನಸೀಬ ಚಲೋ ಐತಿ, ಆದ್ರ ತಲಿ ಕೆಟ್ಟೈತಿ” ಅಂದೆ.

“ತಲಿ ಇರ್ಲಿ ಬಿಡ್ರಿ, ಗಾಡಿ ರಿಪೇರಿ ಮಾಡ್ರಿ” ಅಂದ.

ಅವತ್ತಿನಿಂದ ಗಾಣದ ಹೊರಸು ತಪ್ಪಿಸಿ ನನ್ನ ಗ್ಯಾರೇಜಿಗೆ ಬಂದು ಬಂದು ಕೂತ. ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಒಂದೊಂದೇ ಕಡ್ಡಿಯ ತುಕ್ಕು ತಿಕ್ಕಿದ. ನಟ್ಟು ಬಿಗಿಯುವ ಪಾನಾವನ್ನು ಕಾಲ್ಬೆರಳಲ್ಲಿ ಹಿಡಿಯುವುದನ್ನು ಕಲಿತ. ನಾನು ಸಹಾಯಕ್ಕೆ ಕೈ ಚಾಚಿದರೆ ಗುರ್ ಅನ್ನುತ್ತಿದ್ದ. ಬೆಂಕಿಗೆ ಗಾಳಿ ಸೇರಿದಂತೆ ನನಗೂ ಹಟ ಹತ್ತಿತು. ಟಾಕಿಗೆ ಕೊಲ್ಲಾಪುರದಲ್ಲಿ ಪಾಲಿಶ್ ಮಾಡಿಸಿ ಮೊದಲಿದ್ದ ಕೆಂಪು ಬಣ್ಣವನ್ನೇ ಹೊಡೆದೆವು. ಕ್ಲಚ್ಚಿನ ಹಿಡಿ ತೆಗೆದು ಹಾಕಿದೆ. ಹಾರ್ನು, ದೀಪದ ಗುಂಡಿ ಬಲಗೈಗೆ ತಂದೆ. ಮೊಂಡುಗೈಗೆ ಎಟುಕಬೇಕಲ್ಲ, ಹ್ಯಾಂಡಲ್ಲಿನ ಎಡಭಾಗವನ್ನು ಕೊಯ್ದು, ಎತ್ತರಿಸಿ, ಎದೆಯ ಕಡೆಗೆ ಬಗ್ಗಿಸಿ ಬೆಸೆದೆ. ನೋಡಿದವರು ಗೂಳಿಯ ಮುರಿದ ಕೋಡು ಅಂದರು. ಅನ್ನಲಿ, ಅವರೇನು ಹೊಡೆಯುವವರೇ?

ಮೊಂಡುಗೈ ಕೂರಿಸಲು ತುದಿಗೆ ಏನಾದರೂ ಬೇಕಿತ್ತು. ಕಬ್ಬಿಣ ಹಾಕಿದರೆ ಚರ್ಮ ಸುಲಿಯುತ್ತದೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕಾಳವ್ವನ ಹತ್ತಿರ ಇಬ್ಬರೂ ಹೋದೆವು. ಆಕೆ ಪಾಪ ಗೀಪ ಅನ್ನಲಿಲ್ಲ. ಅವನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು ದಾರ ಸುತ್ತಿ ಅಳತೆ ತೆಗೆದಳು. “ಜೀವನಾ ಪೂರಾ ಕಾಲ ಅಳದೇನಿ, ಕೈ ಇದ ಮೊದಲ” ಎಂದು ನಕ್ಕಳು. ಎಣ್ಣೆ ಕುಡಿಸಿದ ಮೆತ್ತನೆಯ ಚರ್ಮದಲ್ಲಿ ಚೀಲದಂಥ ಗೂಡು ಹೊಲಿದು, ಒಂದು ಬದಿಗೆ ಬಾಯಿ ತೆರೆದೇ ಬಿಟ್ಟಳು. ಪೂರಾ ಮುಚ್ಚು, ಗಟ್ಟಿ ಇರುತ್ತದೆ ಎಂದು ನಾನು ಜಬರದಸ್ತಿ ಮಾಡಿದೆ.

“ಬಿದ್ದಾಗ ಕೈ ಹೊರಗ ಬರಬೇಕಲ್ಲೋ ಯಣ್ಣಾ,” ಎಂದಳು, “ಇದರಾಗ ಸಿಕ್ಕೊಂಡ್ರ ಇದೂ ಒಂದ ಗಾಣ ಆಕ್ಕೈತಿ.” ಗೂಡನ್ನು ಹಾಗೇ ತಂದು ಹ್ಯಾಂಡಲ್ಲಿಗೆ ಬಿಗಿದೆ.

ಊರ ಹೊರಗಿನ ಮಾಳದಲ್ಲಿ ಕಲಿತ. ಬಿದ್ದ, ಎದ್ದ, ಮತ್ತೆ ಬಿದ್ದ. ಬಿದ್ದಾಗಲೆಲ್ಲ ಕಾಳವ್ವ ಹೇಳಿದಂತೆ ಕೈ ಸಲೀಸಾಗಿ ಹೊರಗೆ ಬಂತು. “ಸಾಕ್ ಬಿಡೋ, ಹೆಂಡತಿ ಮುಂದ ನಾ ಏನ್ ಹೇಳ್ಲಿ” ಎಂದು ನಾನು ಕೂಗುತ್ತಿದ್ದೆ. ಅವನು ಮೈಗೆ ಹತ್ತಿದ ಮಣ್ಣು ಝಾಡಿಸಿ ನಗುತ್ತಿದ್ದ. ಮೂರು ವರ್ಷ ನಗದವನು! ಕಾಲನ್ನು ಎಷ್ಟು ನಿಧಾನ ಎತ್ತಬೇಕೆಂಬುದು ಒಮ್ಮೆ ಹಿಡಿತಕ್ಕೆ ಬಂದ ಮೇಲೆ ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಡತೊಡಗಿತು. ಲೈಸೆನ್ಸಿನ ಮಾತು ಮಾತ್ರ ಕೇಳಬೇಡಿ. ಆ ಕಾಲದಲ್ಲಿ ನಮ್ಮ ಕಡೆ ಎರಡು ಕೈಯವರಲ್ಲೂ ಎಷ್ಟು ಮಂದಿಗೆ ಇತ್ತು?

ಆಮೇಲೆ ಒಂದು ಮುಂಜಾನೆ, “ಬರ್ರಿ ಮಿಸ್ತ್ರಿ, ಗಾಣಕ್ಕ ಹೋಗಿ ಸಾವ್ಕಾರ್ರಿಗೆ ಹೇಳಿ ಬರೂಣು, ಇನ್ನ ಹೊರಸಿನ ಮ್ಯಾಲ ಕುಂಡ್ರಾಂಗಿಲ್ಲ ಅಂತ” ಎಂದ. ಹಿಂದಿನ ಸೀಟಿನಲ್ಲಿ ನಾನು ಕೂತೆ. ಜೀವ ಕೈಯಲ್ಲಿ ಹಿಡಿದುಕೊಂಡೇ ಕೂತೆ, ಸುಳ್ಳೇಕೆ ಹೇಳಲಿ. ದಾರಿಯ ಕಬ್ಬಿನ ಹೊಲದಲ್ಲಿ ಹೆಣ್ಣಾಳುಗಳು ಎದ್ದು ನಿಂತು ನೋಡಿದರು.

ಗಾಣ ನಡೆದಿತ್ತು. ವ್ಯಾಪಾರಿಗಳು ಕೂತಿದ್ದರು. ಗಾಡಿ ನಿಂತೊಡನೆ ಸಾವಕಾರರು ಬಾಯಿ ಬಿಟ್ಟುಕೊಂಡು ನೋಡಿ, ತಕ್ಷಣ ವ್ಯಾಪಾರಿಗಳ ಕಡೆ ತಿರುಗಿ, “ನಾ ಕೊಟ್ಟಿದ್ದ ಗಾಡಿ ನೋಡ್ರಿ ಇದು!” ಅಂದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವರ ಮಗ ಮುರಗೆಪ್ಪ ಕೊಲ್ಲಾಪುರದ ಕಾಲೇಜಿನಿಂದ ರಜೆಗೆ ಬಂದಿದ್ದ. ಅವನು ಟಾಕಿಯ ಮೇಲೆ ಕೈಯಾಡಿಸಿ, “ಅಪ್ಪಾ, ಹಳೇ ಜಾವಾ ಅಂದ್ರ ಕೊಲ್ಲಾಪುರದಾಗ ಹುಡುಗೂರು ಜೀವಾ ಬಿಡತಾರ. ಕಾಗದಾ ಇನ್ನೂ ನಮ್ಮ ಹೆಸರ್ಲೆ ಐತಿ” ಎಂದ.

ಸಾವಕಾರರು ಧರೆಪ್ಪನ ಕಡೆ ತಿರುಗಿದರು. “ಹೌದಪಾ ಧರೆಪ್ಪಾ. ಒಂದ ಕೈಲೆ ನಿನಗ್ಯಾಕ ಈ ಉಸಾಬರಿ? ಗಾಡಿ ಇಲ್ಲೇ ಇರ್ಲಿ. ನಮ್ಮ ಹುಡುಗ ಹೊಡಿತಾನ, ಬೇಕಾದಾಗ ನೀ ಹಿಂದ ಕುಂಡರು.”

ನನಗೆ ಮೈಯೆಲ್ಲ ಉರಿಯಿತು. ಕೊಟ್ಟದ್ದನ್ನು ವಾಪಸ್ ಕೇಳುವುದಕ್ಕೂ ಮುಖ ಬೇಕು. ಧರೆಪ್ಪ ಮಾತ್ರ ಗಾಡಿ ಬಿಟ್ಟು ಪಕ್ಕಕ್ಕೆ ಸರಿದ. ಮುರಗೆಪ್ಪ ಹತ್ತಿ ಕೂತ. ಎಡಗೈ ಕ್ಲಚ್ಚಿಗೆ ತಡಕಾಡಿತು, ಕ್ಲಚ್ ಇಲ್ಲ. ಹಿಡಿಗೆ ತಡಕಾಡಿತು, ಹಿಡಿಯಿಲ್ಲ, ಚರ್ಮದ ಗೂಡು. ಅದರ ಅಂಚನ್ನೇ ಬೆರಳಲ್ಲಿ ಹಿಡಿದು ಚಾಲೂ ಮಾಡಿ ಗೇರು ಒತ್ತಿ, ಗತ್ತಿನಲ್ಲಿ ಪಟಕ್ಕನೆ ಕಾಲೆತ್ತಿದ. ಗಾಡಿ ಕರು ಹಾರಿದಂತೆ ಹಾರಿ, ಅವನನ್ನು ಹೊತ್ತುಕೊಂಡು ಸೀದಾ ಕಬ್ಬಿನ ಸಿಪ್ಪೆಯ ರಾಶಿಗೆ ನುಗ್ಗಿತು. ತಲೆಯಲ್ಲಿ ಸಿಪ್ಪೆ ಸಿಕ್ಕಿಸಿಕೊಂಡು ಎದ್ದವನು, “ಹ್ಯಾಂಡಲ್ ಡೊಂಕ ಐತಿ!” ಎಂದ.

“ಹೌದ್ರಿ, ಕುಣಿಯಲಾರದಾಕಿಗೆ ನೆಲಾನೂ ಡೊಂಕ ಇರತೈತಿ” ಅಂದೆ ನಾನು. ವ್ಯಾಪಾರಿಯೊಬ್ಬ ಪಕ್ಕನೆ ನಕ್ಕ.

ಆ ನಗು ಸಾವಕಾರರಿಗೆ ಚುಚ್ಚಿತು. “ಏ ಕಾಸಿಮ, ಬಾಯಿ ಭಾಳ ಆತು. ಈ ಗಾಡಿ ಒಯ್ದು ಮೊದಲಿನಂಗ ಮಾಡಿ ತಾ. ಎರಡ ಕೈ ಇದ್ದಾಂವ ಹೊಡಿಯೂವಂಗ.”

ನಾನು ಉತ್ತರ ಕೊಡುವ ಮೊದಲೇ ಧರೆಪ್ಪ ಮುಂದೆ ಬಂದ. ಯಾರೂ ‘ತೋರಸು’ ಎನ್ನದೆ ತಾನೇ ಮೊಂಡುಗೈ ಎತ್ತಿ ಅವರ ಮುಖದ ಮುಂದೆ ಹಿಡಿದ.

“ಮೊದಲಿನಂಗ ಮಾಡೂದ ಆದ್ರ ಎಲ್ಲಾನೂ ಮೊದಲಿನಂಗ ಮಾಡೂಣ್ರಿ ಸಾವ್ಕಾರ್ರ. ನನ್ನ ಕೈ ನಿಮ್ಮ ಗಾಣದಾಗ ಐತಿ. ಅದನ್ನ ಕೊಡ್ರಿ, ಗಾಡಿ ಒಯ್ಯಿರಿ.”

ಕಬ್ಬು ಹಾಕುವ ಆಳು ಕಬ್ಬು ಹಾಕುವುದನ್ನು ಬಿಟ್ಟ. ಖಾಲಿ ಗಾಣ ಗರಗರ ತಿರುಗುತ್ತಿತ್ತು. ವ್ಯಾಪಾರಿಗಳು ನೆಲ ನೋಡಿದರು.

“ಮೂರ ವರ್ಷ ನನ್ನ ಅನ್ನಾ ತಿಂದ, ಈ ಮಾತ ಆಡತೀಯೇನಲೇ?” ಸಾವಕಾರರು ಚೀರಿದರು.

“ತಿಂದೇನ್ರಿ. ಕುಂತ ತಿಂದ ನಾಚಿಕಿ ನನಗ ಐತಿ. ಕುಂದ್ರಿಸಿ ತೋರಿಸಿದ ನಾಚಿಕಿ ನಿಮಗ ಐತೇನ್ರಿ?”

“ನಾಳಿಂದ ನನ್ನ ಗಾಣದಾಗ ಕಾಲಿಡಬ್ಯಾಡ!”

“ಅದನ್ನ ಹೇಳಾಕ ಬಂದಿದ್ನಿರಿ. ನೀವ ಅಂದ್ರಿ, ಚಲೋ ಆತು.”

ಸೊಂಟ ಕೊಟ್ಟು, ಒಂದೇ ಕೈಯಲ್ಲಿ ಗಾಡಿಯನ್ನು ಸಿಪ್ಪೆಯಿಂದ ಎಳೆದ. ನಾನು ಹೆಜ್ಜೆ ಮುಂದಿಟ್ಟರೆ ಕಣ್ಣಲ್ಲೇ ತಡೆದ. ಮೊಂಡುಗೈಯನ್ನು ಚರ್ಮದ ಗೂಡಿಗೆ ಸೇರಿಸಿ, ಒದ್ದು ಚಾಲೂ ಮಾಡಿ, ನಿಧಾನವಾಗಿ ಕಾಲೆತ್ತಿದ. ಗಾಡಿ ಒಂದಿಷ್ಟೂ ಜಗ್ಗದೆ ಹೊರಟುಹೋಯಿತು. ಕಾಗದ ಹಿಡಿದುಕೊಂಡು ಅದರ ಹಿಂದೆ ಯಾರೂ ಬರಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ. ಅಷ್ಟು ಜನರೆದುರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದೆ ಹೇಗೆ ಬಂದಾರು? ಮುಂದಿನ ಹತ್ತಾರು ವರ್ಷ ಹೊಳೆದಂಡೆಯವರು ಪಂಪು ಕೆಟ್ಟರೆ ಆ ಜಾವಾದ ಸಪ್ಪಳಕ್ಕೆ ಕಿವಿಗೊಟ್ಟು ಕೂತರು. ಅದೆಲ್ಲ ಊರಿಗೇ ಗೊತ್ತು. ಆ ದಿನದ ಮಾತು ಇನ್ನೂ ಸ್ವಲ್ಪ ಇದೆ.

ನನ್ನನ್ನು ಹತ್ತಿಸಿಕೊಳ್ಳುವುದನ್ನೇ ಮರೆತು ಹೋಗಿದ್ದ, ಕಳ್ಳ ನನ್ನ ಮಗ! ಸಾವಕಾರರ ಕೆಂಗಣ್ಣಿನ ಮುಂದೆ ಒಬ್ಬನೇ ನಿಂತು ಏನು ಮಾಡಲಿ? ಬಾಲ ಮುದುರಿಕೊಂಡು ಹೊರಟೆ. ಕಬ್ಬಿನ ಬದುವಿನಲ್ಲಿ ರುಕ್ಮವ್ವ ನಿಂತಿದ್ದಳು.

“ಏನಾತ್ರಿ ಅಣ್ಣಾರ? ಒಬ್ಬರ ಹೋದ್ರಲ್ಲ ನಮ್ಮನಿಯವರು?”

ಆದದ್ದನ್ನೆಲ್ಲ ಹೇಳಿದೆ. ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಪಿಯ ಮಣ್ಣು ಒರೆಸಿ, ಸಾವಕಾರರ ಹೊಲದ ಬದುವಿನ ಮೇಲೆ ಇಟ್ಟಳು. ಬುತ್ತಿಯ ಗಂಟು ಎತ್ತಿಕೊಂಡಳು. “ನಡೀರಿ, ನಂದೂ ಇಲ್ಲಿ ಕೆಲಸ ಮುಗೀತು” ಎಂದಳು.

ಇಬ್ಬರೂ ಒಂದಷ್ಟು ದೂರ ನಡೆದಿರಬೇಕು, ಎದುರಿನಿಂದ ಜಾವಾ ಬಂತು. ನೆನಪಾಗಿ ವಾಪಸ್ ಬಂದಿದ್ದ. ಬೈಯಲು ನಾನು ಬಾಯಿ ತುಂಬ ತಯಾರಿಟ್ಟುಕೊಂಡಿದ್ದೆ. ಅವನು ನನ್ನನ್ನು ನೋಡಲೇ ಇಲ್ಲ. ಹೆಂಡತಿಯ ಬರಿಗೈ ನೋಡಿದ, ಬುತ್ತಿಯ ಗಂಟು ನೋಡಿದ.

“ಹತ್ತು” ಅಂದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ಹತ್ತಿದಳು, ನಡುದಾರಿಯಲ್ಲೇ ಅವನ ಹೆಗಲ ಮೇಲೆ ಕೈ ಇಟ್ಟಳು. “ಮಿಸ್ತ್ರಿ, ಇಬ್ಬರಿಗಷ್ಟ ಜಾಗಾ ಐತಿ, ನೀವ ನಡಕೊಂಡ ಬರ್ರಿ” ಎಂದು ಕೂಗಿ ಹೊರಟೇಬಿಟ್ಟ. ರಾಯಬಾಗದವರೆಗೂ ಅವನನ್ನು ಬೈಯುತ್ತಲೇ ನಡೆದೆ. ಅಷ್ಟು ಖುಷಿಯಿಂದ ನಾನು ಯಾರನ್ನೂ ಬೈದಿಲ್ಲ.